ಹಳೆಯ ಪಿಕಪ್ ಕೊಳ್ಳುವಾಗ ಅದನ್ನು ಎಷ್ಟು ದುಡಿಸಿದ್ದಾರೆಂದು ಪತ್ತೆ ಹಚ್ಚುವುದು ಹೇಗೆ?

ತೋಟದ ಕೆಲಸಕ್ಕೆ 2018ರ ಬೊಲೆರೊ ಪಿಕಪ್ ನೋಡಿದ್ದೀರಿ. ಮೀಟರ್ 90 ಸಾವಿರ ಕಿಲೋಮೀಟರ್ ತೋರಿಸುತ್ತಿದೆ, ಪೇಂಟ್ ಹೊಸದು, ಒಬ್ಬರೇ ಓನರ್. ಇದನ್ನು ವಿಪರೀತ ದುಡಿಸಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ನಾನು ಹೇಳುವುದು ಬೊಲೆರೊಗೆ ಮಾತ್ರವಲ್ಲ, ದೋಸ್ತ್, ಇಂಟ್ರಾದಂಥ ಯಾವ ಪಿಕಪ್ಪಿಗಾದರೂ ಹೊಂದುತ್ತದೆ.

ಮೊದಲು ಮೀಟರ್ ಮರೆತುಬಿಡಿ. ಕಾರಿಗೆ ಕಿಲೋಮೀಟರ್ ಲೆಕ್ಕ, ಪಿಕಪ್ಪಿಗೆ ಲೋಡಿನ ಲೆಕ್ಕ. ಹೈವೇಯಲ್ಲಿ ಬ್ರೆಡ್ಡು, ಕೊರಿಯರ್ ಹೊತ್ತು ಎರಡು ಲಕ್ಷ ಓಡಿದ ಗಾಡಿ ಗಟ್ಟಿಯಾಗಿರುತ್ತದೆ. ಕ್ರಷರ್‌ನಿಂದ ಸೈಟಿಗೆ ಜಲ್ಲಿ ಹೊತ್ತು ಅರವತ್ತು ಸಾವಿರ ಓಡಿದ್ದು ಮುಗಿದೇ ಹೋಗಿರುತ್ತದೆ. ಬಾಡಿಗೆಗೆ ಓಡುವ ಪಿಕಪ್ ದಿನಕ್ಕೆ 100 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿದರೂ ವರ್ಷಕ್ಕೆ 30 ಸಾವಿರ ಆಗುತ್ತದೆ. ಹಳದಿ ಪ್ಲೇಟಿನ ಇಷ್ಟು ಹಳೆಯ ಗಾಡಿಯಲ್ಲಿ 90 ಸಾವಿರ ಮಾತ್ರ ಇದ್ದರೆ ಒಂದೋ ಅದು ಬಹಳ ದಿನ ನಿಂತಿತ್ತು, ಇಲ್ಲವೇ ಮೀಟರ್ ನಿಂತಿತ್ತು. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿದೆಯೇ, ಗೇರ್ ಲಿವರಿನ ಗುಂಡು ನುಣ್ಣಗಾಗಿದೆಯೇ ನೋಡಿದರೆ ಅಂದಾಜು ಸಿಗುತ್ತದೆ.

ಲೋಡಿನ ಲೆಕ್ಕ ಮಾತಿನಲ್ಲೇ ಸಿಗುತ್ತದೆ. "ಓವರ್‌ಲೋಡ್ ಹಾಕ್ತಿದ್ರಾ?" ಎಂದು ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. "ಅಣ್ಣಾ, ಒಂದು ಟ್ರಿಪ್ಪಿಗೆ ಸಿಮೆಂಟ್ ಎಷ್ಟು ಮೂಟೆ ಹಿಡಿಯುತ್ತೆ?" ಎಂದು ಕೇಳಿ. "ನಲವತ್ತೈದು ಹಾಕಿದ್ರೂ ಜಗ್ಗಲ್ಲ" ಎಂಬ ಉತ್ತರ ಹೆಮ್ಮೆಯಿಂದಲೇ ಬರುತ್ತದೆ. ಮೂಟೆಗೆ 50 ಕಿಲೋ, ಅಂದರೆ ಎರಡೂಕಾಲು ಟನ್. 1,300 ಕಿಲೋ ಸಾಮರ್ಥ್ಯದ ಗಾಡಿಗೆ 26 ಮೂಟೆ, 1,700 ಕಿಲೋದ್ದಕ್ಕೆ 34 ಮೂಟೆ, ಅಷ್ಟೇ ಲೆಕ್ಕ. ಕೋಲಾರದ ಕಡೆಯ ಗಾಡಿಯಾದರೆ ಟೊಮೆಟೊ ಬಾಕ್ಸ್ ಎಷ್ಟು ಎಂದು ಕೇಳಿ. ಬಾಕ್ಸಿಗೆ 15 ಕಿಲೋ ಹಣ್ಣು, ಜೊತೆಗೆ ಕ್ರೇಟಿನ ತೂಕ. 1,300 ಕಿಲೋ ಗಾಡಿಗೆ ಎಂಬತ್ತು ಬಾಕ್ಸ್ ದಾಟಿದರೆ ಹೆಚ್ಚಾಯಿತು. ನಿಮ್ಮ ಗಾಡಿಯ ಮಿತಿ ಎಷ್ಟೆಂದು ಆರ್‌ಸಿಯಲ್ಲೇ ಇದೆ: ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆಯಿರಿ.

ಗಾಡಿ ನಂಬರ್ ಹಾಕಿ ಇ-ಚಲನ್ ಸೈಟಿನಲ್ಲೂ ಹುಡುಕಿ. ಬಾಕಿ ದಂಡಕ್ಕಾಗಿ ಮಾತ್ರವಲ್ಲ, ಕೇಸು ಯಾವುದೆಂದು ನೋಡಲು. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಇಂಥ ಕೇಸು ಎರಡು ಮೂರು ಇದ್ದರೆ ಆ ಗಾಡಿಯ ಜಾತಕ ಅಲ್ಲೇ ಸಿಕ್ಕಿತು.

ಇನ್ನೊಂದು ಕೆಲಸವನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ. ಖಾಲಿ ಗಾಡಿಯನ್ನು ಹತ್ತಿರದ ವೇಬ್ರಿಡ್ಜಿಗೆ ಒಯ್ದು ತೂಗಿಸಿ. ಆರ್‌ಸಿಯಲ್ಲಿರುವ ಖಾಲಿ ತೂಕಕ್ಕಿಂತ ನೂರು, ನೂರೈವತ್ತು ಕಿಲೋ ಹೆಚ್ಚಿದ್ದರೆ ಆ ಕಬ್ಬಿಣ ಎಲ್ಲಿಂದ ಬಂತು? ಹೆಚ್ಚುವರಿ ಸ್ಪ್ರಿಂಗ್ ಪ್ಲೇಟು, ಚಾಸಿಗೆ (ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು) ಒಳಗಿನಿಂದ ಹೊಡೆದ ಪಟ್ಟಿ, ಬಾಡಿಯ ಮೇಲೆ ಹಾಕಿದ ದಪ್ಪ ಶೀಟು. ಅವನ್ನೆಲ್ಲ ಯಾರೂ ಶೋಕಿಗೆ ಹಾಕಿಸುವುದಿಲ್ಲ.

ಬಾಡಿಯ ನೆಲ ನೋಡಿದರೆ ಏನು ಹೊತ್ತಿದೆ ಎಂದು ಗೊತ್ತಾಗುತ್ತದೆ. ಗ್ಯಾಸ್ ಸಿಲಿಂಡರ್ ಹೊತ್ತದ್ದರಲ್ಲಿ ಬಳೆಯಂಥ ಗುಂಡು ಗುರುತುಗಳಿರುತ್ತವೆ. ಕ್ರೇಟ್ ಎಳೆದಾಡಿದ್ದರಲ್ಲಿ ಉದ್ದುದ್ದ ಗೀರು. ಸೈಜುಗಲ್ಲು ಎತ್ತಿ ಹಾಕಿದ್ದರಲ್ಲಿ ಚೂಪಾದ ತಗ್ಗುಗಳು, ಡಾಲಾ ಬಾಗಿಲಿನ (ಬಾಡಿಯ ಹಿಂದಿನ ಬಾಗಿಲು) ಒಳಮೈಯೂ ಜಜ್ಜಿರುತ್ತದೆ. ಸಿಮೆಂಟಾದರೆ ಮೂಲೆಗಳಲ್ಲಿ, ಕೀಲಿನ ಸಂದಿಯಲ್ಲಿ ಬೂದು ಗಟ್ಟಿ ಕಟ್ಟಿರುತ್ತದೆ, ತೊಳೆದರೂ ಹೋಗುವುದಿಲ್ಲ. ನೆಲಕ್ಕೆ ಹೊಸ ಶೀಟು ಹೊಡೆದಿದ್ದರೆ ಕೆಳಗೆ ಮಲಗಿ ಅಡ್ಡಪಟ್ಟಿಗಳನ್ನು ನೋಡಿ. ಶೀಟು ಬದಲಿಸುವವರು ಬಹಳ, ಅಡ್ಡಪಟ್ಟಿ ನೆಟ್ಟಗೆ ಮಾಡಿಸುವವರು ಕಡಿಮೆ.

ಮೀನಿನ ಗಾಡಿ ಬೇರೆಯೇ ಕತೆ. ಮಂಗಳೂರಿನ ಕೆಎ 19, ಉಡುಪಿಯ ಕೆಎ 20, ಕಾರವಾರದ ಕೆಎ 30 ನಂಬರ್ ಇದ್ದ ಮಾತ್ರಕ್ಕೆ ಬೇಡವೆನ್ನಬೇಡಿ, ಆದರೆ ಬಂದರಿನಿಂದ ಐಸ್ ಮೀನು ಹೊತ್ತಿದ್ದರೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಚಾಸಿಯ ಮೇಲೆ ಸುರಿದಿರುತ್ತದೆ. ಹೊರಗೆ ಪೇಂಟ್ ಚೆನ್ನಾಗಿದ್ದರೂ ಒಳಗಿನಿಂದ ಪದರ ಪದರವಾಗಿ ಏಳುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ: ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ, ತಿಂದ ಜಾಗ ಡಬ್ ಎನ್ನುತ್ತದೆ. ಸಂಶಯ ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ. ಬ್ರೇಕಿನ ಕಬ್ಬಿಣದ ಪೈಪನ್ನು ತಪ್ಪದೆ ನೋಡಿ, ಅದು ತುಕ್ಕು ಹಿಡಿದು ಒಡೆದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಕೋಳಿ ಗಾಡಿಯೂ ಹೀಗೆಯೇ, ಹಿಕ್ಕೆ ಕಬ್ಬಿಣವನ್ನು ತಿನ್ನುತ್ತದೆ.

ಈಗ ಮುಖ್ಯವಾದದ್ದು, ಚಾಸಿ. ಚಾಪೆ ಮತ್ತು ಒಳ್ಳೆಯ ಟಾರ್ಚ್ ಒಯ್ಯಿರಿ. ಕೆಳಗೆಲ್ಲ ಹೊಸದಾಗಿ ಕಪ್ಪು ಬಳಿದಿದ್ದು, ಬಣ್ಣ ಬೋಲ್ಟು, ರಬ್ಬರ್ ಪೈಪು, ಗ್ರೀಸಿನ ಮೇಲೂ ಬಿದ್ದಿದ್ದರೆ ಅದು ತುಕ್ಕು ತಡೆಯಲು ಬಳಿದದ್ದಲ್ಲ. ಬಿರುಕು ಬರುವ ಜಾಗಗಳು ಖಚಿತವಾಗಿವೆ: ಹಿಂದಿನ ಸ್ಪ್ರಿಂಗ್ ಪ್ಲೇಟಿನ ಎರಡೂ ತುದಿ ಕೂರುವ ಬ್ರಾಕೆಟ್‌ಗಳ ಸುತ್ತ, ಬಂಪ್ ರಬ್ಬರ್ (ಪ್ಲೇಟು ಪೂರ್ತಿ ಜಗ್ಗಿದಾಗ ಏಟು ತಡೆಯುವ ರಬ್ಬರ್ ತುಂಡು) ಬಡಿಯುವ ಜಾಗ, ಕ್ಯಾಬಿನ್ನಿನ ಹಿಂಭಾಗದ ಅಡ್ಡ ಮೆಂಬರ್ ಸೇರುವ ಮೂಲೆ. ಕೂದಲೆಳೆಯಂಥ ಗೆರೆ, ಅದರಿಂದ ಕೆಂಪು ತುಕ್ಕಿನ ಪುಡಿ ಇಳಿದಿರುತ್ತದೆ. ಸಂಶಯವಿದ್ದರೆ ಹಳೆಯ ವಿದ್ಯೆಯೊಂದಿದೆ. ಆ ಜಾಗಕ್ಕೆ ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಡಿ, ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ, ಯಾರನ್ನಾದರೂ ಬಾಡಿಯ ಮೇಲೆ ಹತ್ತಿಸಿ ಕುಣಿಸಿ. ಬಿರುಕಿದ್ದರೆ ಒಳಗೆ ಕುಡಿದ ಡೀಸೆಲ್ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಚಾಸಿಯಲ್ಲಿ ರಿವೆಟ್ ಇದ್ದರೆ ಅದಕ್ಕೆ ಒಂದು ಕಡೆ ಬೆರಳಿಟ್ಟು ಇನ್ನೊಂದು ಕಡೆ ಸುತ್ತಿಗೆಯಿಂದ ತಟ್ಟಿ. ಸಡಿಲವಿದ್ದರೆ ಬೆರಳಿಗೆ ಅದುರು ಗೊತ್ತಾಗುತ್ತದೆ, ಸುತ್ತಲೂ ಕಂದು ಪುಡಿಯ ಉಂಗುರ ಇರುತ್ತದೆ. ರಿವೆಟ್ ಕಿತ್ತು ಬೋಲ್ಟ್ ಹಾಕಿದ್ದರೂ ಅದೇ ಅರ್ಥ. ಚಾಸಿಯನ್ನು ಮೇಲಿಂದ ಕೆಳಕ್ಕೆ ಅಡ್ಡವಾಗಿ ವೆಲ್ಡ್ ಮಾಡಿ ತೇಪೆ ಹಾಕಿದ್ದರೆ ಅಲ್ಲಿಗೆ ಮಾತು ಮುಗಿಸಿ. ವೆಲ್ಡಿಂಗ್ ಕಾವಿಗೆ ಪಕ್ಕದ ಕಬ್ಬಿಣ ಸತ್ವ ಕಳೆದುಕೊಳ್ಳುತ್ತದೆ, ಮುಂದಿನ ಬಿರುಕು ತೇಪೆಯ ಅಂಚಿನಲ್ಲೇ ಬರುತ್ತದೆ. ಚಾಸಿ ಬಾಗಿದೆಯೇ ತಿಳಿಯಲು ಪಕ್ಕದಲ್ಲಿ ನಿಂತು ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದಿ ನೋಡಿ. ಮೇಲೂ ಕೆಳಗೂ ಅಂತರ ಒಂದೇ ಇರಬೇಕು.

ಸ್ಪ್ರಿಂಗ್ ಪ್ಲೇಟುಗಳನ್ನು ಎಣಿಸಿ, ಎರಡೂ ಕಡೆ. ಹೆಚ್ಚುವರಿ ಹಾಕಿದ ಪ್ಲೇಟು ದಪ್ಪದಲ್ಲೋ ಬಣ್ಣದಲ್ಲೋ ಬೇರೆ ಇರುತ್ತದೆ, ಅದಕ್ಕಾಗಿ ಉದ್ದದ ಯು ಬೋಲ್ಟ್ ಹಾಕಿಸಿರುತ್ತಾರೆ. ಈಗ ಕಿತ್ತು ಹಾಕಿದ್ದರೂ ನಟ್ಟಿನಾಚೆ ಬೋಲ್ಟಿನ ತ್ರೆಡ್ ಉದ್ದಕ್ಕೆ ಉಳಿದು ಗುಟ್ಟು ಹೇಳುತ್ತದೆ. ಪ್ಲೇಟು ಗಟ್ಟಿ ಮಾಡಿದರೆ ಗಾಡಿಯೂ ಗಟ್ಟಿಯಾಯಿತು ಎಂದು ಬಹಳ ಜನ ನಂಬಿದ್ದಾರೆ. ಪ್ಲೇಟು ಬಾಗದಿದ್ದರೆ ಗುಂಡಿಯ ಏಟು ಚಾಸಿಗೆ, ಹೌಸಿಂಗಿಗೆ (ಹಿಂದಿನ ಆಕ್ಸಲ್ಲಿನ ಕಬ್ಬಿಣದ ಕವಚ), ಬೇರಿಂಗಿಗೆ ನೇರ ಹೋಗುತ್ತದೆ. ಖಾಲಿ ಗಾಡಿಯಲ್ಲಿ ಪ್ಲೇಟು ಬಿಲ್ಲಿನಂತೆ ಬಾಗಿರಬೇಕು, ಚಪ್ಪಟೆಯಾಗಿದ್ದರೆ ಸೋತಿದೆ. ಬಂಪ್ ರಬ್ಬರ್ ಇಲ್ಲದೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹೊಳಪು ಕಂಡರೆ ಲೋಡು ಎಷ್ಟಿತ್ತೆಂದು ಕೇಳುವ ಅಗತ್ಯವೇ ಇಲ್ಲ. ಕೊನೆಗೆ ಸ್ಟಿಯರಿಂಗ್ ನೆಟ್ಟಗಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಟೇಪ್ ಹಿಡಿಯಿರಿ. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ಕಟ್ಟಾಗಿ ಹೌಸಿಂಗ್ ಸರಿದಿದೆ, ಅಥವಾ ಚಾಸಿಯೇ ತಿರುಚಿದೆ.

ಹೌಸಿಂಗ್ ಬಾಗಿದ್ದು ಹಿಂದಿನ ಟೈರಿನಲ್ಲಿ ಕಾಣುತ್ತದೆ. ಭಾರಕ್ಕೆ ನಡುಭಾಗ ಕೆಳಗೆ ಜಗ್ಗಿದಾಗ ಚಕ್ರಗಳ ಮೇಲ್ಭಾಗ ಒಳಗೆ ವಾಲುತ್ತದೆ, ಟೈರಿನ ಒಳ ಅಂಚು ಮಾತ್ರ ಸವೆಯುತ್ತದೆ. ಹಿಂದಿನ ಚಕ್ರಕ್ಕೆ ಅಲೈನ್‌ಮೆಂಟ್ ಮಾಡುವ ವ್ಯವಸ್ಥೆಯೇ ಇಲ್ಲ, ಹಾಗಾಗಿ "ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತೆ" ಎಂಬ ಮಾತು ನಂಬಬೇಡಿ. ಟೈರ್ ಹೊಸದಾಗಿದ್ದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ದಾರಕ್ಕೆ ನಟ್ ಕಟ್ಟಿ ಚಕ್ರದ ಪಕ್ಕ ಇಳಿಬಿಟ್ಟು ರಿಮ್ಮಿನ ಮೇಲಂಚು, ಕೆಳಂಚಿನ ಅಂತರ ಅಳೆಯಿರಿ. ಟೈರಿನ ವಯಸ್ಸು ಪಕ್ಕದ ನಾಲ್ಕಂಕಿಯಲ್ಲಿದೆ: 2321 ಎಂದರೆ 2021ರ 23ನೇ ವಾರ. ರಿಮ್ಮಿನ ಬೋಲ್ಟ್ ತೂತುಗಳ ಸುತ್ತ ಬಿರುಕು, ಅಂಡಾಕಾರ ಇದೆಯೇ ನೋಡಿ.

ಹಿಂದಿನ ಒಂದು ಬ್ರೇಕ್ ಡ್ರಮ್ ಬಿಚ್ಚಿಸಿ. ಲೋಡಿನ ಜೊತೆ ಘಾಟಿ ಇಳಿದ ಗಾಡಿಯ ಡ್ರಮ್ಮಿನಲ್ಲಿ ನೀಲಿ ಮಚ್ಚೆ, ಜೇಡರಬಲೆಯಂಥ ಸಣ್ಣ ಬಿರುಕು ಇರುತ್ತದೆ. ಬ್ರೇಕ್ ಲೈನರ್ ಮೇಲೆ ಆಯಿಲ್ ಇದ್ದರೆ ಆಕ್ಸಲ್ ಸೀಲ್ ಹೋಗಿದೆ. ಸೀಲ್ ಅಗ್ಗ, ಆದರೆ ಅದನ್ನು ಕೆಡಿಸಿದ್ದು ಬೇರಿಂಗೋ ಬಾಗಿದ ಹೌಸಿಂಗೋ ತಿಳಿಯಬೇಕು.

ಎಂಜಿನ್ ಬಗ್ಗೆ ಬೇಗ ಹೇಳುತ್ತೇನೆ, ಏಕೆಂದರೆ ಅದು ರಿಪೇರಿ ಆಗುವ ವಸ್ತು. ಹೇಳದೆ ಬೆಳಿಗ್ಗೆಯೇ ಹೋಗಿ, ಬಾನೆಟ್ ತಣ್ಣಗಿರಬೇಕು. ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗಲೇ ತೆಗೆದು ಆಯಿಲಿನ ಜಿಡ್ಡಿದೆಯೇ ನೋಡಿ. ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಅಲ್ಲೇ ಮಗುಚಿ ಇಡಿ. ಸ್ವಲ್ಪ ಅಲುಗಿದರೆ ಚಿಂತೆಯಿಲ್ಲ. ಕುಣಿದು ಬಿದ್ದರೆ, ಹೊಗೆ ಬುಸುಗುಟ್ಟಿದರೆ ಬ್ಯಾಕ್ ಕಂಪ್ರೆಷನ್, ಅಂದರೆ ಪಿಸ್ಟನ್ ರಿಂಗ್ ಸವೆದಿದೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಯಾದರೆ ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ: ದಪ್ಪ ಮಸಿ ಬಂದರೆ ಮಸಿ ಹಿಡಿಯುವ ಒಳಗಿನ ಫಿಲ್ಟರ್ ಒಡೆದಿದೆ ಅಥವಾ ತೆಗೆದುಹಾಕಿದ್ದಾರೆ. ಕೀ ತಿರುಗಿಸಿದಾಗ ಎಂಜಿನ್ ಲೈಟ್ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತುವುದೇ ಇಲ್ಲ ಎಂದರೆ ಲೈಟನ್ನೇ ಬಾಯಿ ಮುಚ್ಚಿಸಿದ್ದಾರೆ.

ಕ್ಲಚ್‌ಗೆ ಹ್ಯಾಂಡ್‌ಬ್ರೇಕ್ ಎಳೆದು, ಫುಟ್‌ಬ್ರೇಕ್ ಒತ್ತಿ, ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಫ್ ಆಗದೆ ಓಡುತ್ತಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿ. ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ ಗೇರ್‌ಬಾಕ್ಸ್ ಬಿಚ್ಚಬೇಕು. 40ರಿಂದ 60ರ ವೇಗದಲ್ಲಿ ಹಿಂದಿನಿಂದ ಗುಂಯ್ ಎಂಬ ಸದ್ದು ಆಕ್ಸಿಲರೇಟರ್ ಒತ್ತಿದಾಗ ಒಂದು ತರಹ, ಬಿಟ್ಟಾಗ ಇನ್ನೊಂದು ತರಹ ಬಂದರೆ ಕ್ರೌನ್ ಪಿನಿಯನ್ (ಹಿಂದಿನ ಹೌಸಿಂಗಿನೊಳಗಿನ ಹಲ್ಲುಚಕ್ರಗಳ ಜೋಡಿ) ಸವೆದಿದೆ.

ಇಷ್ಟನ್ನೂ ಖಾಲಿ ಓಡಿಸಿ ನೋಡಿದರೆ ಅರ್ಧ ಮಾತ್ರ ತಿಳಿಯುತ್ತದೆ. ಮಾರುವವರು ಒಪ್ಪಿದರೆ ಗೊಬ್ಬರವೋ ಭತ್ತವೋ ಒಂದು ಟನ್ ಹೇರಿ ದಿಣ್ಣೆ ಹತ್ತಿಸಿ. ಜಾರುವ ಕ್ಲಚ್, ಸೋತ ಟರ್ಬೊ, ಏರುವ ಟೆಂಪರೇಚರ್ ಮುಳ್ಳು, ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯುವುದು, ಎಲ್ಲವೂ ಅರ್ಧ ಗಂಟೆಯಲ್ಲಿ ಹೊರಬರುತ್ತವೆ. ಡೀಸೆಲ್ ಖರ್ಚು ನಿಮ್ಮದೇ ಎಂದು ಹೇಳಿ.

ಕ್ಲಚ್, ಲೈನರ್, ಟೈರ್, ಪ್ಲೇಟ್ ಸೆಟ್, ಇವೆಲ್ಲ ಚೌಕಾಸಿಯ ವಿಷಯ: ಖರ್ಚಿನ ಅಂದಾಜು ಮೆಕ್ಯಾನಿಕ್ ಹತ್ತಿರ ಬರೆಸಿ ಬೆಲೆಯಲ್ಲಿ ಕಳೆಯಿರಿ. ಎಂಜಿನ್ ರಿಂಗ್ ಕೆಲಸವನ್ನೂ ಬೆಲೆ ಇಳಿದರೆ ಒಪ್ಪಬಹುದು. ಚಾಸಿ ಬಿರುಕು, ತೇಪೆ, ಬಾಗಿದ ಚಾಸಿ, ಉಪ್ಪುನೀರು ತಿಂದ ಚಾಸಿ, ಇವಕ್ಕೆ ನಾನಾದರೆ ಯಾವ ಬೆಲೆಗೂ ಒಪ್ಪುವುದಿಲ್ಲ. ತೋಟದ ಗಾಡಿ ಎಂದರೆ ಹಿಂದೆ ಕೆಲಸದವರೂ ಮನೆಯವರೂ ಒಮ್ಮೊಮ್ಮೆ ಕೂತುಬಿಡುತ್ತಾರೆ, ಅದು ತಪ್ಪು ಎಂದು ಗೊತ್ತಿದ್ದರೂ. ಆ ಚಾಸಿಯನ್ನು ನಂಬಿ ಅವರನ್ನು ಕೂರಿಸಲಾಗದು.

ಕಾಗದದ ಬಗ್ಗೆ ಕೆಲವೇ ಮಾತು. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್) ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 2018ರ ಗಾಡಿಗೆ ಈ ಖರ್ಚು, ಓಡಾಟ ಲೆಕ್ಕದಲ್ಲಿರಲಿ, ಬಾಡಿಯ ಎತ್ತರ ಉದ್ದ ಹೆಚ್ಚಿಸಿದ್ದರೆ ಅಲ್ಲೇ ತಡೆಯಾಗುತ್ತದೆ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಸಹಿಯಾದ ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30, ಇವು ಕೈಗೆ ಬರುವ ಮೊದಲು ದೊಡ್ಡ ಮೊತ್ತ ಕೊಡಬೇಡಿ. ಚಾಸಿಯ ಮೇಲೆ ಕೊರೆದ ನಂಬರನ್ನು ಬಟ್ಟೆಯಿಂದ ಒರೆಸಿ ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೊಂದಿಸಿ ನೋಡಿ. ಆ ಜಾಗದಲ್ಲಿ ಗ್ರೈಂಡರ್ ಗೀರು ಕಂಡರೆ ಮರುಮಾತಿಲ್ಲದೆ ಎದ್ದು ಬನ್ನಿ.