ಗ್ಯೋಟಿಂಗೆನ್‌ಗೆ ಬರುವ ತಂಗಿಗೆ: ಮನೆ, ಚಳಿ ಮತ್ತು ವಿಡ್ಯಾಕ್

ಧಾರವಾಡದಿಂದ ಬರೆದ ನಿನ್ನ ಪ್ರಶ್ನೆ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಅಕ್ಟೋಬರ್‌ನಲ್ಲಿ ಪಿಎಚ್‌ಡಿಗೆ ಅಂತ ಜರ್ಮನಿಯ ನಮ್ಮ ಊರಿಗೆ ಬರುತ್ತಿದ್ದೀಯ. ವಿಷಯ ವಿಡ್ಯಾಕ್ (VDAC), ಅಂದರೆ ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿರುವ ಚಾನೆಲ್. ಮನೆ ಸಿಗುತ್ತಾ, ಚಳಿ ತಡೆಯಬಹುದಾ, ಜರ್ಮನ್ ಬರದೆ ನಡೆಯುತ್ತಾ ಅಂತ ಕೇಳಿದ್ದೀಯ. ಕೊನೆಗೆ ಇನ್ನೊಂದು ಮಾತು: "ಅಪ್ಪನಿಗೆ ಶುಗರ್ ಇದೆ, ಬಿಟ್ಟು ಬರಲು ಮನಸ್ಸಿಲ್ಲ. ಒಂದು ಸಣ್ಣ ತೂತಿನ ಮೇಲೆ ನಾಲ್ಕು ವರ್ಷ ಕಳೀತೀಯಾ ಅಂತ ಅವರೇ ಕೇಳ್ತಾರೆ. ಏನು ಹೇಳಲಿ?"

ನನಗೆ ದೊಡ್ಡದು ಅನ್ನಿಸಿದ್ದು ಆ ಕೊನೆಯ ಪ್ರಶ್ನೆ. ಉಳಿದವನ್ನು ಬೇಗ ಮುಗಿಸುತ್ತೇನೆ.

ಮನೆ ಸಿಗುತ್ತದೆ, ಆದರೆ ಈಗಿನಿಂದಲೇ ಹುಡುಕು. ಒಂಟಿ ಫ್ಲ್ಯಾಟ್‌ಗಿಂತ ನಾಲ್ಕೈದು ಜನ ಹಂಚಿಕೊಳ್ಳುವ ಮನೆಯಲ್ಲಿ ಒಂದು ರೂಮು ಹಿಡಿ. ಒಳಗೆ ಕಾಲಿಟ್ಟ ಎರಡು ವಾರದೊಳಗೆ ಪಾಲಿಕೆ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ತೆರಿಗೆ ನಂಬರ್ ಬರುವುದು ಇದಾದ ಮೇಲೆಯೇ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು. ಒಂದು ಮನೆಗೆ ಒಂದೇ ಶುಲ್ಕ, ಎಲ್ಲರೂ ಹಂಚಿಕೊಳ್ಳಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಅಕ್ಕಿ-ಹಾಲು ತಂದಿಡು. ಲ್ಯಾಬಿನಲ್ಲಿ ಇಂಗ್ಲಿಷ್ ಸಾಕು. ಡಾಕ್ಟರ ಹತ್ತಿರ, ಕಚೇರಿಗಳಲ್ಲಿ ಸಾಲದು. ಹಾಗಾಗಿ ಜರ್ಮನ್ ಕಲಿಯುವುದನ್ನು ಇವತ್ತೇ ಶುರು ಮಾಡು. ಚಳಿಗೆ ಒಳ್ಳೆಯ ಕೋಟು ಇದೆ. ಕಷ್ಟ ಆಗುವುದು ಕತ್ತಲು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆ ದಿನಗಳಲ್ಲಿ ಮನಸ್ಸು ಕುಗ್ಗದಂತೆ ಹಿಡಿದಿಡುವುದು ನಿನ್ನ ಕೆಲಸದ ಮೇಲಿನ ಆಸೆಯೇ. ಇಲ್ಲಿಗೆ ಬಂದ ಎಷ್ಟೋ ಮಕ್ಕಳನ್ನು ನೋಡಿ ಹೇಳುತ್ತಿದ್ದೇನೆ.

ಈಗ ಆ "ಸಣ್ಣ ತೂತು."

ಮೈಟೊಕಾಂಡ್ರಿಯಾಕ್ಕೆ ಎರಡು ಪೊರೆ ಇವೆ, ನಿನಗೆ ಗೊತ್ತು. ಒಳಗೆ ತಯಾರಾದ ಎಟಿಪಿ, ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ಅಣು, ಹೊರಗೆ ಬರಬೇಕು; ಅದನ್ನು ಮತ್ತೆ ತಯಾರಿಸಲು ಬೇಕಾದ ಎಡಿಪಿ ಮತ್ತು ಫಾಸ್ಫೇಟ್ ಒಳಗೆ ಹೋಗಬೇಕು. ಹೊರಪೊರೆಯಲ್ಲಿ ಇವಕ್ಕೆಲ್ಲ ಮುಖ್ಯ ದಾರಿ ವಿಡ್ಯಾಕ್. ಅಪ್ಪನಿಗೆ ಕೆರೆಯ ತೂಬು ಅಂತ ಹೇಳು, ತಕ್ಷಣ ಅರ್ಥವಾಗುತ್ತದೆ. ಪೊರೆಯ ಎರಡು ಬದಿಗಳ ನಡುವಿನ ವೋಲ್ಟೇಜ್ ಕಡಿಮೆ ಇದ್ದಾಗ ಇದು ತೆರೆದಿದ್ದು ಎಟಿಪಿಯನ್ನು ಬಿಡುತ್ತದೆ. 30-40 ಮಿಲಿವೋಲ್ಟ್ ಆದರೆ ಕಿರಿದಾಗುತ್ತದೆ. ಆಗ ಎಟಿಪಿ ನಿಲ್ಲುತ್ತದೆ, ಕ್ಯಾಲ್ಸಿಯಂ ಮಾತ್ರ ಇನ್ನೂ ಜಾಸ್ತಿ ಹರಿಯುತ್ತದೆ! ಆದರೆ ಇದೆಲ್ಲ ಕೃತಕ ಪೊರೆಯಲ್ಲಿ ಅಳೆದದ್ದು. ಜೀವಂತ ಕೋಶದಲ್ಲಿ ಇದನ್ನು ಮುಚ್ಚುವುದು ವೋಲ್ಟೇಜೇನಾ, ಬಂದು ಅಂಟುವ ಬೇರೆ ಪ್ರೋಟೀನ್‌ಗಳಾ ಅನ್ನುವ ಚರ್ಚೆ ಮುಗಿದಿಲ್ಲ.

ಇದನ್ನು ಮೊದಲು ಕಂಡದ್ದು 1976ರಲ್ಲಿ. ಸ್ಟ್ಯಾನ್ಲಿ ಶೈನ್, ಮಾರ್ಕೊ ಕೊಲಂಬಿನಿ, ಆಲನ್ ಫಿಂಕೆಲ್‌ಸ್ಟೈನ್ ಪ್ಯಾರಾಮೀಸಿಯಂನ ಮೈಟೊಕಾಂಡ್ರಿಯಾದಿಂದ ಇದನ್ನು ತೆಗೆದರು. ಹೈಸ್ಕೂಲಿನಲ್ಲಿ ಚಿತ್ರ ಬರೆದೆವಲ್ಲ, ಅದೇ ಪ್ಯಾರಾಮೀಸಿಯಂ. ಅದೇ ವರ್ಷ ಈ ಊರಿನಲ್ಲಿ ಎರ್ವಿನ್ ನೆಹೆರ್ ಮತ್ತು ಬರ್ಟ್ ಸಾಕ್‌ಮನ್ ಒಂದೇ ಒಂದು ಚಾನೆಲ್‌ನ ಕರೆಂಟ್ ಅಳೆಯುವ ಪ್ಯಾಚ್ ಕ್ಲ್ಯಾಂಪ್ ವಿಧಾನ ತೋರಿಸಿದರು. 1991ರಲ್ಲಿ ನೊಬೆಲ್ ಬಂತು. ಮಾನವನ ವಿಡ್ಯಾಕ್-1 (ಮೂರು ಬಗೆಯ ವಿಡ್ಯಾಕ್‌ಗಳಲ್ಲಿ ಒಂದು) ಹೇಗಿದೆ ಅಂತ 2008ರಲ್ಲಿ ತಿಳಿಯಿತು. ಅದನ್ನು ಬಿಡಿಸಿದ ತಂಡಗಳಲ್ಲಿ ಒಂದು ಇಲ್ಲಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯದು. 19 ಎಳೆಗಳ ಕೊಳವೆ, ಒಳಗೆ ಒಂದು ಸುರುಳಿ. ಬ್ಯಾಕ್ಟೀರಿಯಾದ ಇಂಥ ಕೊಳವೆಗಳಲ್ಲಿ ಎಳೆಗಳು ಸಮಸಂಖ್ಯೆಯಲ್ಲಿರುತ್ತವೆ, ಹಾಗಾಗಿ 19 ಅಂದಾಗ ಎಲ್ಲರೂ ಬೆರಗಾದರು. ಚಾನೆಲ್ ಕಲಿಯಲು ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ ಕಣೇ.

ಕಾಯಿಲೆಗಳ ವಿಷಯಕ್ಕೆ ಬಂದರೆ ಮೈಯೆಲ್ಲ ಕಣ್ಣಾಗಿರಬೇಕು. ಹಲವು ಕ್ಯಾನ್ಸರ್‌ಗಳಲ್ಲಿ ಹೆಕ್ಸೊಕೈನೇಸ್-2 ಎಂಬ ಕಿಣ್ವ ವಿಡ್ಯಾಕ್‌ಗೆ ಅಂಟಿಕೊಂಡು ಕೂರುತ್ತದೆ. ಹೊರಗೆ ಬರುವ ಎಟಿಪಿ ಅದಕ್ಕೆ ಅಲ್ಲೇ ಸಿಗುತ್ತದೆ, ಸಕ್ಕರೆ ಬಳಸುವ ಕೆಲಸ ಚುರುಕಾಗುತ್ತದೆ, ಕೋಶ ಸಾಯುವುದೂ ತಪ್ಪುತ್ತದೆ. 2019ರಲ್ಲಿ ಲೂಪಸ್ ಬಗ್ಗೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಯ ಬಗ್ಗೆ, ಒಂದು ಕೆಲಸ ಬಂತು. ಹಲವು ವಿಡ್ಯಾಕ್‌ಗಳು ಗುಂಪುಗೂಡಿ ದೊಡ್ಡ ರಂಧ್ರವಾಗುತ್ತವೆ, ಅದರಿಂದ ಮೈಟೊಕಾಂಡ್ರಿಯಾದ ಡಿಎನ್‌ಎ ಚೂರುಗಳು ಸೋರಿ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತವೆ ಅಂತ ಅದು ತೋರಿಸಿತು. ಗುಂಪುಗೂಡುವುದನ್ನು ತಡೆಯುವ ವಿಬಿಐಟಿ-4 ಎಂಬ ರಾಸಾಯನಿಕ ಕೊಟ್ಟಾಗ ಇಲಿಗಳಲ್ಲಿ ಕಾಯಿಲೆ ಕಡಿಮೆಯಾಯಿತು. ಇಲಿಗಳಲ್ಲಿ, ಇದನ್ನು ಮರೆಯಬೇಡ.

ಕೋಶ ಸಾಯುವ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ವಿಡ್ಯಾಕೇ ಸಾವಿನ ಬಾಗಿಲು ಅಂತ ಬಹಳ ಜನ ನಂಬಿದ್ದರು. ಆದರೆ 2007ರ ಒಂದು ಪ್ರಯೋಗದಲ್ಲಿ ವಿಡ್ಯಾಕ್‌ಗಳನ್ನು ತೆಗೆದ ಕೋಶಗಳೂ ಸತ್ತವು. ಕೋಶದ ಸಾವಿಗೆ ಚಾಲನೆ ಕೊಡುವ ಸೈಟೊಕ್ರೋಮ್-ಸಿ ಎಂಬ ಪ್ರೋಟೀನ್ ಮೈಟೊಕಾಂಡ್ರಿಯಾದಿಂದ ಹೊರಬರಲು ರಂಧ್ರ ಮಾಡುವುದು ಮುಖ್ಯವಾಗಿ ಬ್ಯಾಕ್ಸ್ ಮತ್ತು ಬ್ಯಾಕ್ ಪ್ರೋಟೀನ್‌ಗಳು ಅಂತ ಈಗ ಒಪ್ಪಿಕೊಂಡಿದ್ದಾರೆ. ಹಾಗಂತ ವಿಡ್ಯಾಕ್‌ಗೆ ಪಾತ್ರವೇ ಇಲ್ಲ ಅಂತಲ್ಲ. ವಿಡ್ಯಾಕ್-2 ಬ್ಯಾಕ್ ಅನ್ನು ಹಿಡಿದು ತಡೆಯುತ್ತದೆ ಅಂತ 2003ರಲ್ಲೇ ಕಂಡಿತ್ತು. ವಿಡ್ಯಾಕ್-1, 2, 3 ಒಂದೇ ಕೆಲಸ ಮಾಡುವುದಿಲ್ಲ. ಸುಮ್ನೆ "ವಿಡ್ಯಾಕ್" ಅಂತ ಬರೆದಿರುವ ಲೇಖನ ಕಂಡರೆ ಯಾವುದು ಅಂತ ಮೊದಲು ಹುಡುಕು.

ಇನ್ನು ಅಪ್ಪನಿಗೆ ಹೇಳುವ ಮಾತು. ಇನ್ಸುಲಿನ್ ಮಾಡುವ ಬೀಟಾ ಕೋಶಗಳಲ್ಲಿ ವಿಡ್ಯಾಕ್-1 ಮೈಟೊಕಾಂಡ್ರಿಯಾದಲ್ಲಿರಬೇಕು. ಟೈಪ್-2 ಸಕ್ಕರೆ ಕಾಯಿಲೆ ಇದ್ದವರ ಕೋಶಗಳಲ್ಲಿ ಅದು ಜಾಸ್ತಿಯಾಗಿ, ಕೋಶದ ಹೊರಮೈಗೂ ಬಂದು ಕೂರುತ್ತದೆ. ಅಲ್ಲಿಂದ ಎಟಿಪಿ ಸೋರಿಹೋಗುತ್ತದೆ, ಇನ್ಸುಲಿನ್ ಬಿಡುಗಡೆ ಕುಂದುತ್ತದೆ. 2019ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರ ತಂಡ ಇದನ್ನು ತೋರಿಸಿತು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಆ ಸೋರಿಕೆಯನ್ನು ತಡೆಯುತ್ತದೆ ಅಂತಲೂ ಅವರು ಕಂಡರು. ಆ ಮಾತ್ರೆಯ ಮುಖ್ಯ ಕೆಲಸ ಯಕೃತ್ತಿನಲ್ಲಿ ಅಂತ ಹೇಳುವುದನ್ನು ಬಿಡಬೇಡ. ನಿನ್ನ ಪಿಎಚ್‌ಡಿಯಿಂದ ಅವರ ಶುಗರ್ ವಾಸಿಯಾಗುತ್ತದೆ ಅಂತ ಮಾತು ಕೊಡಬೇಡ. ಆದರೆ ಆ ತೂತು ಅವರ ಮೈಯಲ್ಲೂ ಇದೆ, ಅವರ ಕಾಯಿಲೆಗೂ ಅದಕ್ಕೂ ನಂಟಿದೆ ಅಂತ ಧೈರ್ಯವಾಗಿ ಹೇಳು. ನನ್ನ ಮಟ್ಟಿಗೆ ನಾಲ್ಕು ವರ್ಷ ಕೊಡಲು ಇದು ಸಾಕಷ್ಟು ದೊಡ್ಡ ಕಾರಣ.

ಪೂರ್ಣ ಸಂಬಳದ 65 ಪ್ರತಿಶತ ಅಂತ ಒಪ್ಪಂದದಲ್ಲಿದ್ದರೂ ದಿನವಿಡೀ ಲ್ಯಾಬಿನಲ್ಲಿರಬೇಕಾಗುತ್ತದೆ, ಅದಕ್ಕೂ ಮನೆಯವರನ್ನು ಸಿದ್ಧ ಮಾಡು. ಬರುವ ಮೊದಲು ನಿನ್ನ ಗೈಡ್‌ಗೆ ಬರೆದು ಕೇಳು: ಕೆಲಸ ಯಾವ ವಿಡ್ಯಾಕ್ ಮೇಲೆ, ಕೃತಕ ಪೊರೆಯಲ್ಲೋ ಕೋಶದಲ್ಲೋ? ಟಿಕೆಟ್ ಫ್ರಾಂಕ್‌ಫರ್ಟ್‌ಗೆ ತೆಗೆದುಕೋ, ಅಲ್ಲಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ರೈಲಿನ ಸಮಯ ತಿಳಿಸಿದರೆ ಸ್ಟೇಷನ್ನಿಗೆ ಬರುತ್ತೇನೆ.