5 ವ್ಯಾಟ್ ಕೆತ್ತನೆ ಲೇಸರಿಗೆ ಕಡಿಮೆ ಬೆಲೆಯ ಪವರ್ ಮೀಟರ್ ಯಾವುದು ಸೂಕ್ತ?

ಕೊಪ್ಪಳದಲ್ಲಿ ಮರದ ಹಲಗೆಗಳ ಮೇಲೆ ಹೆಸರು ಕೆತ್ತಲು 450 ನ್ಯಾನೊಮೀಟರಿನ ನೀಲಿ ಡಯೋಡ್ ಲೇಸರ್ ಬಳಸುವ ನಿಮಗೆ ಬೇಕಾಗಿರುವುದು ಥರ್ಮೋಪೈಲ್, ಅಂದರೆ ಕಿರಣದ ಶಾಖವನ್ನು ಅಳೆಯುವ ಮೀಟರ್. ಬೆಳಕನ್ನು ನೇರವಾಗಿ ವಿದ್ಯುತ್ತಾಗಿಸಿ ಅಳೆಯುವ ಫೋಟೊಡಯೋಡ್ ಮೀಟರುಗಳು ಅಗ್ಗವಾದರೂ ಮಿಲಿವ್ಯಾಟ್ ಮಟ್ಟಕ್ಕೆ ಮಾತ್ರ ಹೊಂದುತ್ತವೆ. ತರಂಗಾಂತರ ಬದಲಾದರೆ ಅವುಗಳ ಓದಿಕೆಯೂ ಬದಲಾಗುತ್ತದೆ.

ಕೊಳ್ಳುವ ಮುನ್ನ ಗರಿಷ್ಠ ವ್ಯಾಟ್ ಜೊತೆಗೆ, ಸಂವೇದಕವು ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ಶಕ್ತಿಯನ್ನು ತಾಳಬಲ್ಲದು ಎಂಬುದನ್ನೂ ತಪ್ಪದೆ ನೋಡಿ, ಏಕೆಂದರೆ ಒಂದೇ ಬಿಂದುವಿನಲ್ಲಿ ಕೇಂದ್ರೀಕರಿಸಿದ ಕಿರಣವು ಅದರ ಕಪ್ಪು ಲೇಪನವನ್ನು ಕ್ಷಣದಲ್ಲಿ ಸುಡಬಲ್ಲದು. ಅಳೆಯುವಾಗ ಕಿರಣವನ್ನು ಹರಡಿ ಬಿಡಿ.

ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಥರ್ಮೋಪೈಲ್ ಅಳೆಯುವುದು ತಾಪಮಾನದ ವ್ಯತ್ಯಾಸವನ್ನೇ ಆದ್ದರಿಂದ, ಫ್ಯಾನಿನ ಗಾಳಿಯಿಂದಾಗಲಿ ಬಿಸಿಲಿಗೆ ಕಾದ ಮೇಜಿನಿಂದಾಗಲಿ ಸೊನ್ನೆ, ಅಂದರೆ ಕಿರಣವಿಲ್ಲದಾಗಿನ ಓದಿಕೆ, ಜರುಗುತ್ತದೆ. ಪ್ರತಿ ಬಾರಿಯೂ ಸೊನ್ನೆ ಹೊಂದಿಸಿ, ಅಂಕಿ ಸ್ಥಿರವಾಗುವವರೆಗೆ ಕಾಯಬೇಕು.

ಹಣ ತೀರ ಕಡಿಮೆಯಿದ್ದರೆ, ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್ ಮೇಲೆ ಪೆಲ್ಟಿಯರ್ ತುಣುಕನ್ನು (ಎರಡು ಬದಿಯ ತಾಪಮಾನದ ವ್ಯತ್ಯಾಸಕ್ಕೆ ವೋಲ್ಟೇಜ್ ಕೊಡುವ ಬಿಲ್ಲೆ) ಕೂರಿಸಿ, ಅದರ ಮೇಲೆ ಮಸಿ ಬಳಿದ ತೆಳು ಅಲ್ಯೂಮಿನಿಯಂ ತಗಡನ್ನು ಅಂಟಿಸಿ, ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಓದಬಹುದು. ತಗಡಿಗೆ 10 ಓಮ್ ರೆಸಿಸ್ಟರ್ ತಾಗಿಸಿ 5 ವೋಲ್ಟ್ ಕೊಟ್ಟರೆ 2.5 ವ್ಯಾಟ್ ಶಾಖ ಸಿಗುವುದರಿಂದ, ಹೋಲಿಕೆಯ ಅಳತೆಯೂ ಮನೆಯಲ್ಲೇ ದೊರೆಯುತ್ತದೆ. ಇದು ಅಂದಾಜಿನ ಸಾಧನವಾದರೂ ಲೇಸರಿನ ಶಕ್ತಿ ಕುಗ್ಗುತ್ತಿದೆಯೇ ಎಂದು ತಿಳಿಯಲು ಸಾಕು.

ಸಿಒ2 (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್ ಬಳಸುವ ಬಳ್ಳಾರಿಯ ಜೀನ್ಸ್ ಘಟಕಗಳವರು ಇದನ್ನು ಓದುತ್ತಿದ್ದರೆ ನೆನಪಿಡಿ: ಆ ಲೇಸರಿನ 10.6 ಮೈಕ್ರೊಮೀಟರ್ ಕಿರಣವು ಸಿಲಿಕಾನ್ ಫೋಟೊಡಯೋಡಿಗೆ ಗೋಚರಿಸುವುದೇ ಇಲ್ಲ. ಸಂವೇದಕದಿಂದ ಚದುರಿ ಬರುವ ಬೆಳಕೂ ಕಣ್ಣಿಗೆ ಅಪಾಯಕಾರಿಯಾದ ಕಾರಣ, ನಿಮ್ಮ ಲೇಸರಿನ ತರಂಗಾಂತರಕ್ಕೆ ತಕ್ಕ ಕನ್ನಡಕವನ್ನು ಮೀಟರಿಗಿಂತ ಮೊದಲೇ ಕೊಳ್ಳಿ.