ಅಜ್ಜ ಅಜ್ಜಿ ದೂರವಿದ್ದಾಗ ಮಗುವಿನ ಹುಟ್ಟುಹಬ್ಬ: ಸಂಪಾದಕರ ಉತ್ತರ

ಓದುಗ ಸಹೋದರಿಯೊಬ್ಬರ ಪತ್ರದ ಸಾರ: "ಮುಂದಿನ ತಿಂಗಳು ಮಗಳಿಗೆ ನಾಲ್ಕು ತುಂಬುತ್ತದೆ. ಎರಡೂ ಕಡೆಯ ಅಜ್ಜ ಅಜ್ಜಿ ಬೇರೆ ದೇಶದಲ್ಲಿದ್ದಾರೆ. ಹೋದ ವರ್ಷ ನೆಂಟರನ್ನೆಲ್ಲ ಒಂದೇ ವಿಡಿಯೊ ಕರೆಯಲ್ಲಿ ಸೇರಿಸಿದ್ದೆವು. ಎಲ್ಲರೂ ಒಟ್ಟಿಗೆ ಹಾಡತೊಡಗಿದಾಗ ಏನೂ ಕೇಳಿಸಲಿಲ್ಲ, ಮಗು ಮೇಜಿನ ಕೆಳಗೆ ಸೇರಿಕೊಂಡು ಅತ್ತಿತು. ಪಾಸ್ಟರ್ ಬಂದು ಪ್ರಾರ್ಥಿಸದ ಹುಟ್ಟುಹಬ್ಬ ಎಂಥದ್ದು ಎಂದು ಅತ್ತೆಯವರಿಗೆ ಬೇಸರ. ವಿಶ್ವಾಸಿಗಳು ಹುಟ್ಟುಹಬ್ಬ ಆಚರಿಸಲೇಬಾರದು ಎಂದು ನಮ್ಮ ಚರ್ಚಿನ ಸಭೆಯವರೊಬ್ಬರು ಹೇಳುತ್ತಾರೆ. ಏನು ಮಾಡುವುದು?"

ಪ್ರಿಯ ಸಹೋದರಿ,

ಕೊನೆಯ ಮಾತನ್ನೇ ಮೊದಲು ಮುಗಿಸಿಬಿಡೋಣ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಹೆಸರು ಹೇಳಿ ಬರುವ ಹುಟ್ಟುಹಬ್ಬದ ಔತಣ ಎರಡೇ: ಆದಿಕಾಂಡ 40ರಲ್ಲಿ ಫರೋಹನದು, ಮತ್ತಾಯ 14 ಮತ್ತು ಮಾರ್ಕ 6ರಲ್ಲಿ ಹೆರೋದನದು. ಒಂದರಲ್ಲಿ ರೊಟ್ಟಿ ಸುಡುವವರ ಮುಖ್ಯಸ್ಥನನ್ನು ಗಲ್ಲಿಗೇರಿಸಿದರು, ಇನ್ನೊಂದರಲ್ಲಿ ಸ್ನಾನಿಕನಾದ ಯೋಹಾನನ ತಲೆ ಹೋಯಿತು. ಬೇಡ ಎನ್ನುವವರು ತೋರಿಸುವುದು ಇವನ್ನೇ. ಆದರೆ ಅಲ್ಲಿ ಕೆಟ್ಟದ್ದು ಅರಸರ ದರ್ಪ, ಹುಟ್ಟಿದ ದಿನವಲ್ಲ. ಆಚರಿಸಿ ಎಂಬ ಆಜ್ಞೆಯೂ ಇಲ್ಲ, ಬೇಡವೆಂಬ ಆಜ್ಞೆಯೂ ಇಲ್ಲ. ಹೀಗೆ ಬಿಟ್ಟ ದಿನಗಳ ವಿಷಯದಲ್ಲಿ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ ಎನ್ನುವುದು ರೋಮಾಪುರ 14:5ರ ದಾರಿ. ಆ ಸಹೋದರರೊಡನೆ ವಾದಕ್ಕಿಳಿಯಬೇಡಿ. ಕರೆದು ನೋಡಿ, ಬಾರದಿದ್ದರೆ ಬೇಸರ ಬೇಡ.

ಅತ್ತೆಯವರ ಮಾತು ಇದಕ್ಕಿಂತ ದೊಡ್ಡದು. ಅವರು ಪಾಸ್ಟರ್ ಎಂದರೂ ಒಳಗಿರುವ ನೋವು, ಮೊಮ್ಮಗಳ ತಲೆಯ ಮೇಲೆ ತಮ್ಮ ಕೈ ಇಲ್ಲವಲ್ಲ ಎಂಬುದಿರಬಹುದು. ಅವರಿಗೆ ಆದಿಕಾಂಡ 48 ಓದಿ ಹೇಳಿ. ಯೋಸೇಫನ ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆ ಅಜ್ಜನ ಮುಖ ಕಾಣದೆ ಐಗುಪ್ತದಲ್ಲಿ ಹುಟ್ಟಿದವರು. ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದ್ದು ಯಾಜಕನಲ್ಲ, ಕಣ್ಣು ಮಂಜಾದ ಅಜ್ಜ ಯಾಕೋಬ. ಮನೆಯ ಹಿರಿಯರ ಆಶೀರ್ವಾದಕ್ಕೆ ಪಾಸ್ಟರ್ ಅಪ್ಪಣೆ ಬೇಕಿಲ್ಲ. ಆದ್ದರಿಂದ ಈ ವರ್ಷ ಅತ್ತೆಯವರಿಗೆ ಪರದೆಯಲ್ಲಿ ನೋಡುವ ಕೆಲಸ ಬೇಡ, ಆಶೀರ್ವದಿಸುವ ಕೆಲಸ ಕೊಡಿ.

ಅದನ್ನು ಮೊದಲೇ ಧ್ವನಿಮುದ್ರಣ ಮಾಡಿಸಿಕೊಳ್ಳಿ, ನೇರ ಕರೆಯ ಮೇಲೆ ಬಿಡಬೇಡಿ. ಕರೆ ಕೈಕೊಟ್ಟರೂ ಆಶೀರ್ವಾದ ನಿಲ್ಲಬಾರದು. 30ರಿಂದ 40 ಸೆಕೆಂಡು ಸಾಕು. ಫ್ಯಾನ್, ಟಿವಿ ಆರಿಸಿ, ಬಾಗಿಲು ಮುಚ್ಚಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಹೇಳಲಿ. ವಿಡಿಯೊ ಆದರೆ ಕಿಟಕಿಗೆ ಮುಖ ಮಾಡಿ ಕೂರಲಿ, ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಮೊದಲ ಮಾತೇ ಮಗುವಿನ ಹೆಸರಾಗಿರಲಿ, ನಂತರ ಅರಣ್ಯಕಾಂಡ 6:24ರಿಂದ 26ರ ಆಶೀರ್ವಾದದ ವಚನಗಳು. ಕೊನೆಯ ಕ್ಷಣಕ್ಕೆ ಕೇಳಿದರೆ ಗಾಬರಿಯಲ್ಲಿ ಉದ್ದುದ್ದ ಪ್ರಾರ್ಥನೆ ಬರುತ್ತದೆ, ಹತ್ತು ದಿನ ಮುಂಚೆ ಕೇಳಿ.

ಮನೆಯ ಪ್ರಾರ್ಥನೆ ಒಟ್ಟು ಏಳೆಂಟು ನಿಮಿಷ ಮೀರದಿರಲಿ, ಅದೂ ಕೇಕ್ ಮೇಜಿಗೆ ಬರುವ ಮೊದಲು. ಕೇಕ್ ಕಣ್ಣೆದುರಿಗಿದ್ದರೆ ನಾಲ್ಕು ವರ್ಷದ ಮಗುವಿಗೆ ಬೇರೇನೂ ಕಾಣುವುದಿಲ್ಲ, ಆಮೇಲೆ ನಾವು ಗದರುತ್ತೇವೆ. ಮಗು ಅಪ್ಪನ ಮಡಿಲಲ್ಲಿ ಕೂರಲಿ, ನಿಲ್ಲಿಸಬೇಡಿ. ಅವಳಿಗೆ ಬರುವ ಹಾಡಿನ ಒಂದು ಚರಣ. ಓದಲು ಕೀರ್ತನೆ 139:13-14 ಅಥವಾ ಮಾರ್ಕ 10:13-16. ಮಕ್ಕಳನ್ನು ಯೇಸು ಅಪ್ಪಿಕೊಂಡು, ಕೈಯಿಟ್ಟು ಆಶೀರ್ವದಿಸಿದ ಭಾಗ ಈ ವಯಸ್ಸಿಗೆ ಬೇಗ ತಲುಪುತ್ತದೆ. ಆಮೇಲೆ ಹೋದ ವರ್ಷದ ಮೂರು ಸಂಗತಿಗಳಿಗೆ ಸ್ತೋತ್ರ, ಮಗುವಿಗೆ ನೆನಪಿರುವಂಥವು: ಜ್ವರ ಬಿಟ್ಟಿದ್ದು, ಚಪ್ಪಲಿ ತಾನೇ ಹಾಕಿಕೊಳ್ಳಲು ಕಲಿತದ್ದು, ಹೊಸ ಗೆಳತಿ. "ಎಲ್ಲ ಉಪಕಾರಗಳಿಗಾಗಿ" ಎಂದು ಹೇಳಿ ಮುಗಿಸಿದರೆ ಮಗುವಿಗೆ ಏನೂ ಸಿಗುವುದಿಲ್ಲ. ಕೊನೆಗೆ ನೀವಿಬ್ಬರೂ ತಲೆಯ ಮೇಲೆ ಕೈಯಿಟ್ಟಿರುವಾಗ ಅಜ್ಜಿಯ ಧ್ವನಿ ಕೇಳಿಸಿ. ಎಲ್ಲರೂ ಆಮೆನ್ ಹೇಳಿದರೆ ಮುಗಿಯಿತು. ಬೇರೆ ನಂಬಿಕೆಯ ನೆರೆಯವರು ಬರುವುದಿದ್ದರೆ "ಮೊದಲು ಸ್ವಲ್ಪ ಪ್ರಾರ್ಥನೆ ಇರುತ್ತದೆ" ಎಂದು ಮುಂಚೆಯೇ ತಿಳಿಸಿ. ಅವರನ್ನು ಕೂರಿಸಿಕೊಂಡು ಪ್ರಸಂಗ ಮಾಡುವ ಹೊತ್ತು ಅದಲ್ಲ.

ಪಾಸ್ಟರ್ ಪ್ರಾರ್ಥನೆ ಬೇಕೆಂದರೆ ಅದರ ಹಿಂದಿನ ಭಾನುವಾರ ಸಭೆಯಲ್ಲೇ ಮಾಡಿಸಬಹುದು. ಮಗುವಿನ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಚೀಟಿಯಲ್ಲಿ ಬರೆದು ಮೊದಲೇ ಕೊಡಿ. ಮುಂದೆ ಕರೆಯುವ ರೂಢಿಯಿದ್ದರೆ ನೀವು ಎತ್ತಿಕೊಂಡೇ ಹೋಗಿ.

ಇನ್ನು ಕರೆಯ ಗೊಂದಲ. ಅದು ನಿಮ್ಮ ನೆಂಟರ ತಪ್ಪಲ್ಲ. ನಿಮ್ಮ ಹಾಡು ಅಲ್ಲಿಗೆ ತಲುಪಲು ಒಂದಿಷ್ಟು ಹೊತ್ತು ಬೇಕು, ಅದನ್ನು ಕೇಳಿ ಅವರು ಹಾಡಿದ್ದು ಇಲ್ಲಿಗೆ ಬರಲು ಮತ್ತಷ್ಟು. ಪ್ರತಿ ಮನೆಯದೂ ಬೇರೆ ಬೇರೆ ತಡ. ಮೇಲಾಗಿ ಪ್ರತಿಧ್ವನಿ ತಡೆಯಲು ಇಂಥ ಆ್ಯಪ್‌ಗಳು ಒಬ್ಬರ ಧ್ವನಿಯನ್ನು ಮುಂದೆ ತಂದು ಉಳಿದವನ್ನು ತಗ್ಗಿಸುತ್ತವೆ. ಹೀಗಾಗಿ ಕರೆಯಲ್ಲಿ ಸಾಮೂಹಿಕ ಗಾಯನ ಆಗುವ ಮಾತೇ ಅಲ್ಲ. ಒಂದು ಮನೆಯವರು ಹಾಡಲಿ, ಉಳಿದವರು ಮೈಕ್ ಮುಚ್ಚಿ ಚಪ್ಪಾಳೆ ತಟ್ಟಲಿ.

ಅದಕ್ಕಿಂತ ಒಳ್ಳೆಯದು, ದಿನಕ್ಕೆ ಒಂದೊಂದೇ ಮನೆ. ಹುಟ್ಟುಹಬ್ಬದ ದಿನ ಒಂದು ಅಜ್ಜ ಅಜ್ಜಿ, ಮರುದಿನ ಇನ್ನೊಂದು, ಚಿಕ್ಕಪ್ಪ ಅತ್ತೆಯರು ಆ ವಾರದಲ್ಲಿ. ತಲಾ ಹತ್ತು ನಿಮಿಷ. ಫೋನನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಿಡಿದುಕೊಂಡು ಹಿಂದೆ ಓಡಬೇಡಿ. "ಹೇಗಿದ್ದೀಯಾ, ಊಟ ಆಯ್ತಾ" ಎಂದರೆ ಈ ವಯಸ್ಸಿನ ಮಕ್ಕಳು ಓಡಿಹೋಗುತ್ತಾರೆ. ಒಂದೇ ಚಿತ್ರಪುಸ್ತಕದ ಪ್ರತಿ ಎರಡೂ ಕಡೆ ಇದ್ದು, ಅಜ್ಜಿ ಓದುತ್ತಾ ಹೋದಂತೆ ಮಗು ಇಲ್ಲಿ ಪುಟ ತಿರುವಿದರೆ ಹತ್ತು ನಿಮಿಷ ಸಾಲದಾಗುತ್ತದೆ. ಮಗು ನಿದ್ದೆಯಿಂದೆದ್ದು ತಿಂಡಿ ತಿಂದ ನಂತರದ ಹೊತ್ತು ಆರಿಸಿ, ಹಿರಿಯರು ಅದಕ್ಕೆ ಹೊಂದಿಕೊಳ್ಳಲಿ. ಮಾರ್ಚ್ ಅಥವಾ ಅಕ್ಟೋಬರ್-ನವೆಂಬರ್‌ನಲ್ಲಿ ಹುಟ್ಟುಹಬ್ಬ ಬಂದರೆ ಸಮಯದ ವ್ಯತ್ಯಾಸವನ್ನು ಹೊಸದಾಗಿ ಲೆಕ್ಕ ಹಾಕಿ. ಕೆಲವು ದೇಶಗಳು ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತವೆ, ಅದೂ ಎಲ್ಲವೂ ಒಂದೇ ವಾರದಲ್ಲಿ ಅಲ್ಲ.

ದೂರದವರ ಉಡುಗೊರೆಗೆ ನಮ್ಮ ಸಲಹೆ 1 ಸಮುವೇಲ 2:19ರಲ್ಲಿದೆ. ದೇವರ ಸೇವೆಗೆಂದು ಶೀಲೋವಿನಲ್ಲಿದ್ದ ಮಗ ಸಮುವೇಲನಿಗೆ ತಾಯಿ ಹನ್ನಳು ವರ್ಷ ವರ್ಷವೂ ಒಂದು ಚಿಕ್ಕ ನಿಲುವಂಗಿ ಮಾಡಿ ಒಯ್ಯುತ್ತಿದ್ದಳು. ಹೊಲಿಗೆ ಬಲ್ಲ ಅಜ್ಜಿಗೆ ಅಳತೆ ಕಳಿಸಿ: ಎದೆಸುತ್ತು, ಭುಜದಿಂದ ಭುಜಕ್ಕೆ, ಕುತ್ತಿಗೆಯ ಹಿಂಭಾಗದಿಂದ ಮೊಣಕಾಲಿಗೆ, ತೋಳಿನ ಉದ್ದ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 6-7 ಸೆಂ.ಮೀ. ಎತ್ತರವಾಗುತ್ತಾರೆ. ಆದ್ದರಿಂದ ಅಂಚಿನೊಳಗೆ 5 ಸೆಂ.ಮೀ. ಬಟ್ಟೆ ಮಡಿಸಿಡಲು ಹೇಳಿ, ಆರು ತಿಂಗಳ ನಂತರ ಬಿಚ್ಚಿ ಇಳಿಸಬಹುದು. ಪಾರ್ಸೆಲ್ಲಿನ ಕಸ್ಟಮ್ಸ್ ಚೀಟಿಯಲ್ಲಿ "ಉಡುಗೊರೆ" ಎಂದಷ್ಟೇ ಬರೆದರೆ ತಡೆಹಿಡಿಯುವ ಸಂಭವ ಹೆಚ್ಚು. "ಮಗುವಿನ ಹತ್ತಿ ಫ್ರಾಕ್, 1" ಎಂದು ಬರೆಯಲಿ, ಬೆಲೆಯನ್ನೂ ನಮೂದಿಸಲಿ.

ಹಾಡುವ ಶುಭಾಶಯ ಪತ್ರ, ಮಿನುಗುವ ಆಟಿಕೆ ಬೇಡವೆಂದು ನೆಂಟರಿಗೆ ಹೇಳಿಬಿಡಿ. ಅವುಗಳಲ್ಲಿರುವ ಗುಂಡಿಯಂಥ ಪುಟ್ಟ ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ಅಂಥ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಒಡೆದ ಬಲೂನಿನ ಚೂರುಗಳನ್ನು ತಕ್ಷಣ ಆಯ್ದು ಬಿಸಾಡಿ, ಬಾಯಿಗೆ ಹೋದರೆ ಉಸಿರು ಕಟ್ಟುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ. ಮೋಂಬತ್ತಿ ಊದುವಾಗ ಮಗುವಿನ ಕೂದಲು ಹಿಂದಕ್ಕೆ ಕಟ್ಟಿರಲಿ.

ಮನೆಯ ಕೂಟಕ್ಕೆ ಯಾರನ್ನು ಕರೆಯುವುದು ಎಂದು ಯೋಚಿಸುತ್ತಿದ್ದರೆ, ನಾಲ್ಕೈದು ಮಕ್ಕಳು, ಒಂದೂವರೆ ಗಂಟೆ, ಅಷ್ಟೇ. ಜೊತೆಗೆ, ಮೊಮ್ಮಕ್ಕಳು ದೂರವಿರುವ ಹಿರಿಯರೊಬ್ಬರು ನಿಮ್ಮ ಸಭೆಯಲ್ಲಿ ಇದ್ದೇ ಇರುತ್ತಾರೆ, ಅವರನ್ನು ತಪ್ಪದೆ ಕರೆಯಿರಿ. ಕೀರ್ತನೆ ಓದುವ ಕೆಲಸ ಅವರಿಗೇ ಕೊಡಿ.

ಆ ದಿನವೇ ಮಗುವಿಗೆ ಜ್ವರ ಬಂದರೆ ಮಕ್ಕಳ ಕೂಟವನ್ನು ಮುಂದಿನ ಶನಿವಾರಕ್ಕೆ ತಳ್ಳಿ, ಅತಿಥಿಗಳಿಗೆ ಬೆಳಿಗ್ಗೆಯೇ ತಿಳಿಸಿ. ಪ್ರಾರ್ಥನೆಯನ್ನೂ ಅಜ್ಜಿಯ ಧ್ವನಿಯನ್ನೂ ಮುಂದೂಡಬೇಡಿ, ಹಾಸಿಗೆಯ ಪಕ್ಕದಲ್ಲೇ ಆಗಲಿ.